ಗೆರೆ ಹಿಡಿದ ದೋಣಿ

ಅಳಿವೆಯಿಂದ ಒಳಗೆ ಬರುವಾಗ ದೋಣಿ ನಡೆಸುವ ತಾಂಡೇಲನ ಕಣ್ಣು ದಡದ ಮೇಲಿರುತ್ತದೆ. ಹತ್ತಿರದ್ದೊಂದು ಗುರುತು, ಅದರ ಹಿಂದೆ ದೂರದ್ದೊಂದು ಗುರುತು. ಕಟ್ಟೆಯ ಮೇಲಿನ ಕಂಬವಿರಬಹುದು, ಒಂಟಿ ತಾಳೆಮರವಿರಬಹುದು, ಗುಡಿಯ ಕಳಸವೋ ಗುಡ್ಡದ ನೆತ್ತಿಯೋ ಇರಬಹುದು. ಎರಡೂ ಒಂದರ ಹಿಂದೊಂದು ಬಂದು ನಿಂತರೆ ದೋಣಿ ಸರಿಯಾದ ಗೆರೆಯ ಮೇಲಿದೆ. ಗೆರೆಯ ಆಚೆಗೂ ಈಚೆಗೂ ಮರಳುದಿಬ್ಬ. ಹತ್ತಿರದ ಗುರುತು ಎಡಕ್ಕೆ ಸರಿದಂತೆ ಕಂಡರೆ ದೋಣಿ ಬಲಕ್ಕೆ ಹೋಗಿದೆ, ಎಡಕ್ಕೆ ತಿರುಗಿಸು. ಬಲಕ್ಕೆ ಕಂಡರೆ ಬಲಕ್ಕೆ. ಕಾರವಾರದಿಂದ ಅಂಕೋಲೆಯವರೆಗೆ ಕಾಳಿ, ಗಂಗಾವಳಿಗಳ ಬಾಯಲ್ಲಿ ದೋಣಿ ನಡೆಸುವವರಿಗೆ ಇದು ಹೇಳಿಕೊಡಬೇಕಾದ ಪಾಠವೇ ಅಲ್ಲ. ಅಪ್ಪನ ಜೊತೆ ನಾಲ್ಕು ಸಲ ಹೋಗಿ ಬಂದ ಹುಡುಗನಿಗೂ ಗೊತ್ತು.

ಈ ವಿದ್ಯೆಗೆ ಏನೇನು ಬೇಡ ಎಂದು ಲೆಕ್ಕ ಹಾಕಿದಾಗಲೇ ಬೆರಗು ಶುರುವಾಗುವುದು. ಭರತದ ನೀರು ಎಷ್ಟು ಸೆಳೆತದಿಂದ ಒಳನುಗ್ಗುತ್ತಿದೆ ಎಂದು ಅಳೆಯಬೇಕಾಗಿಲ್ಲ. ಪಡುಗಾಳಿಯ ಬಿರುಸು ಗೊತ್ತಿರಬೇಕಾಗಿಲ್ಲ. ದೋಣಿಯಲ್ಲಿ ಮೀನು ತುಂಬಿದೆಯೋ ಬರಿದೋ, ಎಂಜಿನ್ ಹೊಸದೋ ಹಳತೋ, ಯಾವುದೂ ಪ್ರಶ್ನೆಯಲ್ಲ. ಗೆರೆಯಿಂದ ಎಷ್ಟು ಮೊಳ ಸರಿದಿದ್ದೇವೆ ಎಂಬುದೂ ಬೇಡ. ಯಾವ ಕಡೆಗೆ ಸರಿದಿದ್ದೇವೆ ಎಂಬ ಒಂದೇ ಒಂದು ಸಂಗತಿ ಸಾಕು. ಅಷ್ಟು ಕಡಿಮೆ ತಿಳಿದುಕೊಂಡು ಅಷ್ಟು ನೇರವಾಗಿ ಹೋಗಲು ಆಗುವುದಾದರೂ ಹೇಗೆ?

ಇದೇ ಪ್ರಶ್ನೆಯನ್ನು ಹಿಡಿದು ಇಂಜಿನಿಯರಿಂಗಿನಲ್ಲಿ ಒಂದು ಶಾಖೆಯೇ ಬೆಳೆದಿದೆ. ವೇರಿಯಬಲ್ ಸ್ಟ್ರಕ್ಚರ್ ಸಿಸ್ಟಮ್ಸ್ ಎಂದು ಅದನ್ನು ಕರೆಯುತ್ತಾರೆ. ಅದರ ಜೀವಾಳ ಸ್ಲೈಡಿಂಗ್ ಮೋಡ್ ಕಂಟ್ರೋಲ್. ಹೆಸರು ಭಾರವಾಗಿದೆ, ಒಳಗಿರುವುದು ತಾಂಡೇಲನ ನಿಯಮವೇ: ಮನಸ್ಸಿನಲ್ಲಿ ಒಂದು ಗೆರೆ ಎಳೆ, ಗೆರೆಯ ಈಚೆಗಿದ್ದರೆ ಒಂದು ಆಜ್ಞೆ, ಆಚೆಗಿದ್ದರೆ ಅದಕ್ಕೆ ತದ್ವಿರುದ್ಧದ ಆಜ್ಞೆ. ನಡುವೆ ರಾಜಿ ಇಲ್ಲ.

ಈ ಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಒಂದು ಹಡಗಿನದೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸೋವಿಯತ್ ರಷ್ಯದಲ್ಲಿ 1934ರಲ್ಲಿ ನಿಕೋಲ್‌ಸ್ಕಿ ಎಂಬಾತ ಹಡಗನ್ನು ಹಿಡಿದ ದಿಕ್ಕಿನಲ್ಲಿ ತಾನಾಗಿ ನಡೆಸುವ ರಿಲೇ ಚುಕ್ಕಾಣಿಯ ಬಗ್ಗೆ ಬರೆದ. ಚುಕ್ಕಾಣಿಗೆ ಎರಡೇ ಸ್ಥಿತಿ, ಪೂರ್ತಿ ಎಡ ಅಥವಾ ಪೂರ್ತಿ ಬಲ. ಅದಕ್ಕೂ ಎರಡು ವರ್ಷ ಮೊದಲು, 1932ರಲ್ಲಿ, ಕುಲೆಬಾಕಿನ್ ಎಂಬುವರು ವಿಮಾನದ ಡೈನಮೋದ ವೋಲ್ಟೇಜನ್ನು ನಡುಗುವ ಸಂಪರ್ಕದಿಂದ ಸ್ಥಿರವಾಗಿಡುವ ಕೆಲಸ ಮಾಡಿದ್ದರು. ಹಳೆಯ ಲಾರಿಗಳ ಬಾನೆಟ್ಟಿನ ಕೆಳಗೆ ಇರುತ್ತಿದ್ದ ಕಟೌಟ್ ಪೆಟ್ಟಿಗೆಯನ್ನು ಬಿಚ್ಚಿದ ಮೆಕ್ಯಾನಿಕ್ಕುಗಳಿಗೆ ಇದು ಹೊಸತಲ್ಲ. ಒಳಗೆ ಒಂದು ಪುಟ್ಟ ತಗಡು ಜೀರುಂಡೆಯ ಹಾಗೆ ಗುಂಯ್‌ಗುಡುತ್ತ ಸಂಪರ್ಕ ಕೂಡಿಸಿ ಬಿಡಿಸಿ ಮಾಡುತ್ತಿತ್ತು. ಲಾರಿ ಅರಬೈಲ್ ಘಟ್ಟ ಏದುಸಿರು ಬಿಟ್ಟು ಹತ್ತಲಿ, ಬಯಲಿನಲ್ಲಿ ಓಡಲಿ, ಬ್ಯಾಟರಿಗೆ ಸಿಗುವ ವೋಲ್ಟೇಜು ಹೆಚ್ಚುಕಮ್ಮಿ ಒಂದೇ. ಆ ತಗಡಿಗೆ ಘಟ್ಟದ ಏರು ಎಷ್ಟು ಕಡಿದು ಎಂದು ಯಾರೂ ಹೇಳಿರಲಿಲ್ಲ.

1950ರ ದಶಕದ ಕೊನೆಗೆ ಮಾಸ್ಕೋದಲ್ಲಿ ಎಮೆಲ್ಯಾನೋವ್ ಮತ್ತು ಅವರ ಜೊತೆಗಾರರು ಈ ಬಿಡಿ ತಂತ್ರಗಳ ಹಿಂದಿನ ತತ್ವವನ್ನು ಹಿಡಿದರು. ಅವರು ತೋರಿಸಿದ ಒಂದು ಉದಾಹರಣೆ ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಎರಡು ರಚನೆಗಳನ್ನು ತೆಗೆದುಕೊಳ್ಳಿ. ಮೊದಲನೆಯದು ಜೀಕುತ್ತಲೇ ಇರುತ್ತದೆ, ಎಂದಿಗೂ ನಿಲ್ಲುವುದಿಲ್ಲ. ಎರಡನೆಯದು ಬಿಟ್ಟರೆ ಸಾಕು, ನೆಲೆಯಿಂದ ದೂರ ಓಡಿಹೋಗುತ್ತದೆ. ಎರಡೂ ಕೆಲಸಕ್ಕೆ ಬಾರದವು. ಆದರೆ ಒಂದು ಗೆರೆಯನ್ನು ಗಡಿಯಾಗಿಟ್ಟು, ಇದರಿಂದ ಅದಕ್ಕೆ ಅದರಿಂದ ಇದಕ್ಕೆ ಸರಿಯಾದ ಹೊತ್ತಿಗೆ ಬದಲಾಯಿಸುತ್ತ ಹೋದರೆ ಇಡೀ ವ್ಯವಸ್ಥೆ ತಣ್ಣಗೆ ನೆಲೆಗೆ ಬಂದು ನಿಲ್ಲುತ್ತದೆ. ನಿಲ್ಲುವ ಗುಣ ಮೊದಲನೆಯದರಲ್ಲೂ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಹಾಗಾದರೆ ಎಲ್ಲಿಂದ ಬಂತು?

ಹಾಯಿ ಕಟ್ಟಿ ಹೋಗುತ್ತಿದ್ದವರನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. ಮಚವೆ, ಪತ್ತೆಮಾರಿ ಎಂಬ ಹಾಯಿಹಡಗುಗಳು ಈ ಕರಾವಳಿಯ ಬಂದರುಗಳಲ್ಲಿ ಸರಕು ಹೊರುತ್ತಿದ್ದ ಕಾಲದಲ್ಲಿ ಎದುರುಗಾಳಿಗೆ ಹೋಗುವುದು ದಿನನಿತ್ಯದ ಕಷ್ಟ. ಗಾಳಿಯ ಎದುರಿಗೆ ನೆಟ್ಟಗೆ ಹೋಗುವ ಹಾಯಿ ಪ್ರಪಂಚದಲ್ಲೇ ಇಲ್ಲ. ಗಾಳಿಯನ್ನು ಎಡಗೆನ್ನೆಗೆ ತೆಗೆದುಕೊಂಡು ಓರೆಯಾಗಿ ಒಂದಷ್ಟು ದೂರ, ಆಮೇಲೆ ಬಲಗೆನ್ನೆಗೆ ತೆಗೆದುಕೊಂಡು ಇನ್ನೊಂದಷ್ಟು ದೂರ. ಯಾವುದೇ ಒಂದು ಓರೆಯನ್ನು ಹಿಡಿದು ಹೋದರೂ ಊರು ತಪ್ಪುತ್ತದೆ. ಎರಡನ್ನೂ ಬದಲಾಯಿಸುತ್ತ ಹೋದರೆ ಗಾಳಿ ಹುಟ್ಟಿದ ಕಡೆಗೇ ದೋಣಿ ಹತ್ತಿರವಾಗುತ್ತ ಹೋಗುತ್ತದೆ. ಆ ದಿಕ್ಕು ಎರಡು ಓರೆಗಳಲ್ಲಿ ಯಾವುದರ ಸ್ವತ್ತೂ ಅಲ್ಲ, ಬದಲಾವಣೆಯಿಂದಲೇ ಹುಟ್ಟಿದ್ದು.

ಇಲ್ಲಿ ಗಣಿತಜ್ಞರಿಗೆ ಒಂದು ತಕರಾರು ಎದ್ದಿತು, ನ್ಯಾಯವಾದ ತಕರಾರೇ. ಗೆರೆಯ ಈ ಕಡೆ ಒಂದು ನಿಯಮ, ಆ ಕಡೆ ಇನ್ನೊಂದು. ಸರಿ, ಗೆರೆಯ ಮೇಲೇ ಇದ್ದಾಗ ಯಾವ ನಿಯಮ? ಸಮೀಕರಣ ಅಲ್ಲಿ ಮೂಕ. ಚಲನೆಯ ಸಮೀಕರಣಗಳಿಗೆ ಒಂದೇ ಉತ್ತರ ಇರುತ್ತದೆ ಎಂದು ನಾವು ಕಾಲೇಜಿನಲ್ಲಿ ಕಲಿತ ಪ್ರಮೇಯಗಳೆಲ್ಲ ನಿಯಮ ಎಲ್ಲೂ ತುಂಡಾಗಬಾರದು ಎಂಬ ಷರತ್ತಿನ ಮೇಲೆ ನಿಂತವು. ಇಲ್ಲಿ ತುಂಡಾಗಿರುವುದೇ ಮುಖ್ಯವಾದ ಜಾಗದಲ್ಲಿ. 1960ರಲ್ಲಿ ಫಿಲಿಪ್ಪೋವ್ ಎಂಬ ರಷ್ಯನ್ ಗಣಿತಜ್ಞ ದಾರಿ ಮಾಡಿಕೊಟ್ಟರು. ಗೆರೆಯ ಮೇಲೆ ಒಂದೇ ವೇಗವನ್ನು ಹುಡುಕಬೇಡಿ, ಎರಡೂ ಕಡೆಯ ವೇಗಗಳನ್ನು ಬೇರೆಬೇರೆ ಪಾಲಿನಲ್ಲಿ ಬೆರೆಸಿದರೆ ಸಿಗುವ ಎಲ್ಲ ವೇಗಗಳನ್ನೂ ಒಪ್ಪಿಕೊಳ್ಳಿ, ಅವುಗಳಲ್ಲಿ ಗೆರೆಗುಂಟ ಹೋಗುವುದನ್ನು ಆರಿಸಿ ಎಂದರು. ಎರಡೂ ಕಡೆಯ ಬಾಣಗಳು ಗೆರೆಯನ್ನು ತಿವಿಯುತ್ತಿದ್ದರೆ ಬಿಂದುವಿಗೆ ಗೆರೆ ಬಿಟ್ಟು ಹೋಗಲು ಜಾಗವಿಲ್ಲ. ಅದು ಗೆರೆಯ ಮೇಲೇ ಜಾರುತ್ತದೆ.

ಜಾರಲು ಶುರುವಾದ ಮೇಲೆ ನಡೆಯುವುದೇ ನನ್ನ ಪಾಲಿಗೆ ಈ ಶಾಸ್ತ್ರದ ಅತ್ಯಂತ ಸೊಗಸಾದ ಭಾಗ. ಅದನ್ನು ಪುಸ್ತಕದಲ್ಲಿ ಓದಿ ತಲೆಯಾಡಿಸಿದ್ದೆ. ಕಣ್ಣಿಗೆ ಕಂಡದ್ದು ಮಂಜುಗುಣಿಯ ಬಾರ್ಜಿನಲ್ಲಿ.

ಗಂಗಾವಳಿ ಸಮುದ್ರ ಸೇರುವ ಹತ್ತಿರ ಅಂಕೋಲೆಯ ಕಡೆ ಮಂಜುಗುಣಿ, ಆಚೆ ದಡದಲ್ಲಿ ಗಂಗಾವಳಿ ಊರು, ಅಲ್ಲಿಂದ ಮುಂದೆ ಗೋಕರ್ಣ. ಸೇತುವೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೂ ಜನ ಬಾರ್ಜಿನಲ್ಲೇ ದಾಟುತ್ತಿದ್ದರು. ಸ್ಕೂಟರುಗಳು, ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸರು, ಕಾಲೇಜಿನ ಹುಡುಗರು. ಇಳಿತದ ಹೊತ್ತು, ನದಿ ಸಮುದ್ರದ ಕಡೆಗೆ ರಭಸದಿಂದ ಎಳೆಯುತ್ತಿತ್ತು. ಬಾರ್ಜಿನ ಮೂತಿ ಆಚೆ ಕಟ್ಟೆಯ ಕಡೆಗೆ ಇರಲೇ ಇಲ್ಲ. ಅದು ನದಿಯ ಮೇಲುಭಾಗಕ್ಕೆ, ಎಲ್ಲೋ ತೆಂಗಿನ ತೋಟದ ಕಡೆಗೆ ಮುಖ ಮಾಡಿತ್ತು. ಹೊಸಬರು ಯಾರಾದರೂ ನೋಡಿದರೆ ದಾರಿ ತಪ್ಪಿತು ಎಂದೇ ತಿಳಿಯಬೇಕು. ಆದರೆ ಬಾರ್ಜು ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ಕಟ್ಟೆಗೆ ನೇರ ಹೊರಟಿತ್ತು. ಚಕ್ರ ಹಿಡಿದವನ ಕೈ ಒಂದು ಗೇಣಿನಷ್ಟು ಆಚೆ, ಒಂದು ಗೇಣಿನಷ್ಟು ಈಚೆ ಆಡುತ್ತಿತ್ತು, ಬಿಡುವಿಲ್ಲದೆ. ಅವನು ನೀರು ನೋಡುತ್ತಿರಲಿಲ್ಲ. ಕಟ್ಟೆಯ ದೀಪದ ಕಂಬ, ಅದರ ಹಿಂದಿನ ಒಂದು ತೆಂಗು, ಅಷ್ಟೇ ಅವನ ಲೋಕ. ಪಕ್ಕದವನ ಜೊತೆ ಕೊಂಕಣಿಯಲ್ಲಿ ಬಂಗಡೆಯ ರೇಟು ಮಾತಾಡುತ್ತಲೂ ಇದ್ದ.

ಆ ಓರೆಯನ್ನು ಅವನಿಗೆ ಯಾರು ಹೇಳಿದರು? ಯಾರೂ ಇಲ್ಲ. ಎಡ, ಬಲ, ಎಡ, ಬಲ ಎಂಬ ಸಣ್ಣ ಆಜ್ಞೆಗಳು ಕೂಡಿ ಸರಾಸರಿಯಲ್ಲಿ ಒಂದು ಓರೆಯಾಗಿ ನಿಂತಿದ್ದವು. ಆ ಓರೆ ನದಿಯ ಸೆಳೆತಕ್ಕೆ ಕರಾರುವಾಕ್ಕಾಗಿ ಎಷ್ಟು ಬೇಕೋ ಅಷ್ಟೇ. ಒಂದು ಕೂದಲೆಳೆ ಹೆಚ್ಚಿದ್ದರೆ ಕಂಬ ತೆಂಗಿನ ಒಂದು ಬದಿಗೆ ಸರಿಯುತ್ತಿತ್ತು, ಕಡಿಮೆಯಿದ್ದರೆ ಇನ್ನೊಂದು ಬದಿಗೆ. ಅಂದರೆ ದಡದಲ್ಲಿ ನಿಂತ ಯಾರಾದರೂ ಬಾರ್ಜಿನ ವೇಗ ತಿಳಿದು ಅದರ ಓರೆಯನ್ನು ಅಳೆದರೆ ಗಂಗಾವಳಿ ಆ ಗಳಿಗೆಯಲ್ಲಿ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಹೇಳಿಬಿಡಬಹುದು. ನದಿಯ ವೇಗ ಗೊತ್ತಿಲ್ಲದೆ ಹೊರಟವನು ದಾಟುವ ಕ್ರಿಯೆಯಲ್ಲೇ ಅದನ್ನು ಅಳೆದುಕೊಟ್ಟಿದ್ದಾನೆ. ಅವನಿಗೇ ಅದು ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಈ ಸರಾಸರಿ ಆಜ್ಞೆಗೆ ಇಕ್ವಿವಲೆಂಟ್ ಕಂಟ್ರೋಲ್ ಎಂಬ ಹೆಸರು ಕೊಟ್ಟು, ಅದರ ಮೇಲೆ ಇಡೀ ಲೆಕ್ಕಾಚಾರವನ್ನು ಕಟ್ಟಿದವರು ವಾದಿಮ್ ಉಟ್ಕಿನ್. 1977ರಲ್ಲಿ ಅಮೆರಿಕದ ಒಂದು ನಿಯತಕಾಲಿಕದಲ್ಲಿ ಅವರ ದೀರ್ಘ ಲೇಖನ ಬಂದ ಮೇಲೆಯೇ ರಷ್ಯನ್ ಬಾರದ ಜಗತ್ತಿಗೆ ಈ ವಿದ್ಯೆಯ ಬಾಗಿಲು ಪೂರ್ತಿ ತೆರೆದದ್ದು. ಈಗ ಯಂತ್ರಗಳಲ್ಲಿ ಸೆನ್ಸರ್ ಇಡಲಾಗದ ಜಾಗದ ಬಲವನ್ನು, ಬಿರುಕು ಬಿಟ್ಟ ಭಾಗದ ದೋಷವನ್ನು ಪತ್ತೆ ಮಾಡಲು ಇದೇ ಉಪಾಯ ಬಳಸುತ್ತಾರೆ: ಆಜ್ಞೆಗಳ ಕಂಪನವನ್ನು ಸೋಸಿ ಸರಾಸರಿ ತೆಗೆಯುವುದು, ಕಾಣದ ಬಲ ಅದರಲ್ಲಿ ಕಾಣಿಸಿಕೊಳ್ಳುವುದು.

ಆದರೆ ಗೆರೆ ಎಲ್ಲ ಕಷ್ಟಕ್ಕೂ ಮದ್ದಲ್ಲ. ಸರಾಯೆವೋದ ಬ್ರಾನಿಸ್ಲಾವಾ ದ್ರಾಜೆನೋವಿಚ್ ಎಂಬ ಇಂಜಿನಿಯರ್ 1969ರಲ್ಲಿ ಅದರ ಷರತ್ತನ್ನು ಸ್ಪಷ್ಟವಾಗಿ ಬರೆದರು. ತೊಂದರೆ ಯಾವ ಬಾಗಿಲಿನಿಂದ ಬರುತ್ತದೋ ಅದೇ ಬಾಗಿಲಿನಲ್ಲಿ ನಿಯಂತ್ರಣದ ಕೈಯೂ ಇರಬೇಕು. ಇದ್ದರೆ, ಜಾರುವಾಗ ಆ ತೊಂದರೆ ಇಲ್ಲವೇ ಇಲ್ಲ ಎನ್ನುವ ಹಾಗೆ ವ್ಯವಸ್ಥೆ ನಡೆದುಕೊಳ್ಳುತ್ತದೆ. ಕಡಿಮೆಯಾಗುವುದಲ್ಲ, ಪೂರ್ತಿ ಮಾಯ. ಇಲ್ಲದಿದ್ದರೆ ಗೆರೆ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ನದಿ ಅಡ್ಡಕ್ಕೆ ಎಳೆದರೆ ಚುಕ್ಕಾಣಿ ಉತ್ತರ ಕೊಡುತ್ತದೆ. ಅಳಿವೆಯ ತೆರೆ ದೋಣಿಯನ್ನು ಬುಡದಿಂದ ಮೇಲೆತ್ತಿ ಕುಕ್ಕಿದರೆ ಚುಕ್ಕಾಣಿ ಏನು ಮಾಡೀತು? ಇನ್ನು ಗೆರೆ ಮುಟ್ಟುವ ಮೊದಲಿನ ಹೊತ್ತು. ಆಗ ದೋಣಿ ಎಲ್ಲರ ಕೈಗೊಂಬೆ, ಗಾಳಿಗೂ ನೀರಿಗೂ ಸಮನಾಗಿ ಒಲಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಷರತ್ತು ಬಲದ್ದು. ಸೆಳೆತ ಎಷ್ಟು ಎಂದು ಸರಿಯಾಗಿ ಗೊತ್ತಿರಬೇಕಾಗಿಲ್ಲ, ನಿಜ. ಆದರೆ ಅದು ಎಷ್ಟನ್ನು ಮೀರಲಾರದು ಎಂಬುದು ಗೊತ್ತಿರಬೇಕು, ಮತ್ತು ನಮ್ಮ ಕೈಬಲ ಅದಕ್ಕಿಂತ ಒಂದು ತೂಕ ಹೆಚ್ಚಿರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಆಚೆ ದಡದ ಉಳುವರೆ ಊರಿಗೂ ನೀರಿನ ಹೊಡೆತ ಬಡಿಯಿತು. ಆಮೇಲಿನ ದಿನಗಳಲ್ಲಿ, ಕುಸಿತದಲ್ಲಿ ಕಾಣೆಯಾದ ಕೇರಳದ ಚಾಲಕನ ಲಾರಿಗಾಗಿ ನಡೆದ ಹುಡುಕಾಟವನ್ನು ದೇಶವೇ ಟೀವಿಯ ಮುಂದೆ ಕೂತು ನೋಡಿತು. ಡ್ರೋನ್ ಇತ್ತು, ಸೋನಾರ್ ಇತ್ತು, ನೌಕಾಪಡೆಯ ಮುಳುಗುಗಾರರಿದ್ದರು, ಸ್ಥಳೀಯ ಮೀನುಗಾರರಿದ್ದರು. ನದಿ ಯಾರನ್ನೂ ಒಂದು ಜಾಗದಲ್ಲಿ ನಿಲ್ಲಗೊಡಲಿಲ್ಲ. ಮುಳುಗಿದವನು ಮುಳುಗಿದ ಜಾಗದಲ್ಲಿ ಇರಲಾರ. ಹಗ್ಗ ಹರಿಯುವಷ್ಟು ಸೆಳೆತ. ಕಡೆಗೆ ಮಳೆ ಇಳಿದು, ಗೋವೆಯಿಂದ ಡ್ರೆಜ್ಜರ್ ತಂದ ಮೇಲೆ ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂತು. ನೀರೊಳಗೆ ಓಡಾಡುವ ಯಂತ್ರಗಳನ್ನು ಪ್ರವಾಹದಲ್ಲಿ ದಾರಿ ತಪ್ಪದಂತೆ ನಡೆಸಲು ಸ್ಲೈಡಿಂಗ್ ಮೋಡ್ ಚೆನ್ನಾಗಿ ಒಗ್ಗುತ್ತದೆ ಎಂದು ಯೋರ್ಗರ್ ಮತ್ತು ಸ್ಲಾಟೀನ್ 1985ರಲ್ಲೇ ತೋರಿಸಿದ್ದರು. ಆ ಜುಲೈಯಲ್ಲಿ ಅಂಥ ಎಷ್ಟು ಯಂತ್ರ ತಂದಿದ್ದರೂ ಅವುಗಳ ಮೋಟಾರಿನ ಬಲ ಗಂಗಾವಳಿಯ ಬಲಕ್ಕಿಂತ ಹೆಚ್ಚಿರದೆ ಉಪಯೋಗವಿರಲಿಲ್ಲ. ಪ್ರಮೇಯದಲ್ಲಿ ಅದು ಒಂದು ಅಸಮತೆಯ ಚಿಹ್ನೆ. ಶಿರೂರಿನ ದಡದಲ್ಲಿ ಕಾದು ನಿಂತ ಮನೆಯವರಿಗೆ ಎಪ್ಪತ್ತೊಂದು ದಿನ.

ಹಾಗಾದರೆ ಕೈಬಲವನ್ನು ಬೇಕಾದ್ದಕ್ಕಿಂತ ಹತ್ತು ಪಟ್ಟು ಇಟ್ಟುಕೊಂಡರಾಯಿತಲ್ಲ ಎನ್ನಬಹುದು. ಅದಕ್ಕೆ ಬೆಲೆಯಿದೆ. ಪುಸ್ತಕದ ಗೆರೆಯ ಮೇಲೆ ಆಜ್ಞೆ ಕ್ಷಣಕ್ಕೆ ಅನಂತ ಸಲ ಬದಲಾಗುತ್ತದೆ. ಕಬ್ಬಿಣದ ಚುಕ್ಕಾಣಿ, ಎಣ್ಣೆಯ ಪಂಪು, ಗೇರು ಇವಕ್ಕೆಲ್ಲ ಕ್ಷಣಕಾಲದ ತಡ ಇದ್ದೇ ಇರುತ್ತದೆ. ತಡವಾದಷ್ಟೂ ಗೆರೆ ದಾಟಿಹೋಗುವುದು, ಗಾಬರಿಯಿಂದ ಹಿಂದೆ ಎಳೆಯುವುದು, ಮತ್ತೆ ದಾಟುವುದು. ಕೈಬಲ ಹೆಚ್ಚಿದ್ದಷ್ಟೂ ಈ ಗಡಗಡ ಜೋರು. ಚ್ಯಾಟರಿಂಗ್ ಎನ್ನುವ ಈ ನಡುಕ ಬೇರಿಂಗುಗಳನ್ನು ತಿನ್ನುತ್ತದೆ, ಶಾಖ ಹುಟ್ಟಿಸುತ್ತದೆ, ಇಂಜಿನಿಯರುಗಳ ನಿದ್ದೆ ಕೆಡಿಸುತ್ತದೆ. ಹಾಯಿಯವರಿಗೂ ಈ ಲೆಕ್ಕ ಗೊತ್ತಿತ್ತು. ಮಚವೆಯ ದೊಡ್ಡ ಹಾಯಿಯನ್ನು ಒಂದು ಓರೆಯಿಂದ ಇನ್ನೊಂದಕ್ಕೆ ತಿರುಗಿಸಬೇಕಾದರೆ ಹಾಯಿ ಕಟ್ಟಿದ ಅಷ್ಟುದ್ದದ ಅಡ್ಡಮರವನ್ನೇ ಕಂಬದ ಆಚೆ ಬದಿಗೆ ದಾಟಿಸಬೇಕು, ನಾಲ್ಕಾರು ಜನರ ರಟ್ಟೆಯ ಕೆಲಸ. ಹತ್ತು ಮಾರಿಗೊಮ್ಮೆ ತಿರುಗಿಸಿದರೆ ದಾರಿ ಸಪೂರವಾಗುತ್ತದೆ, ಜನ ದಣಿದು ಸಾಯುತ್ತಾರೆ. ಹಾಗಾಗಿ ಗೆರೆಯಿಂದ ಸಾಕಷ್ಟು ದೂರ ಹೋಗಿಯೇ ತಿರುಗುತ್ತಿದ್ದರು.

ಯಂತ್ರಕ್ಕೆ ಈ ಸೈರಣೆಯನ್ನು ಕಲಿಸುವುದು ಅಷ್ಟು ಸುಲಭವಾಗಲಿಲ್ಲ. ಸ್ಲಾಟೀನ್ ಗೆರೆಗೆ ಸ್ವಲ್ಪ ದಪ್ಪ ಕೊಟ್ಟರು: ಆ ಪಟ್ಟಿಯೊಳಗೆ ಇರುವಷ್ಟು ಹೊತ್ತು ಆಜ್ಞೆ ಮೆಲ್ಲಗೆ ಇಳಿಯಲಿ, ಆಚೆ ಹೋದರೆ ಮಾತ್ರ ಪೂರ್ತಿ ಬಲ. ನಡುಕ ನಿಂತಿತು, ಆದರೆ ಕರಾರುವಾಕ್ಕುತನವೂ ಅಷ್ಟರಮಟ್ಟಿಗೆ ಹೋಯಿತು. 1993ರಲ್ಲಿ ಲೆವಾಂಟ್ ಬೇರೆಯೇ ದಾರಿ ಹಿಡಿದರು. ಎಡಬಲದ ಒರಟು ಬದಲಾವಣೆಯನ್ನು ಒಂದು ಮಹಡಿ ಕೆಳಗಿಳಿಸಿ, ಚುಕ್ಕಾಣಿಯ ಬದಲು ಚುಕ್ಕಾಣಿ ತಿರುಗುವ ವೇಗವನ್ನು ಹಾಗೆ ಬದಲಾಯಿಸಿದರೆ ಚುಕ್ಕಾಣಿ ಮಾತ್ರ ನಯವಾಗಿ ಚಲಿಸುತ್ತದೆ, ಗೆರೆಯೂ ಉಳಿಯುತ್ತದೆ. ಮಂಜುಗುಣಿಯ ಆ ಗೇಣಿನಷ್ಟು ಆಡುವ ಕೈ ಇವೆರಡರಲ್ಲಿ ಯಾವುದನ್ನು ಮಾಡುತ್ತಿತ್ತು ಎಂದು ಯೋಚಿಸಿದ್ದುಂಟು. ಎರಡನ್ನೂ ಮಾಡುತ್ತಿತ್ತು ಎಂದೇ ನನ್ನ ಗುಮಾನಿ.

ದೊಡ್ಡ ಹಡಗಿಗೆ ಬಂದರೆ ಇನ್ನೊಂದು ಸಿಕ್ಕು. 2014ರ ಜನವರಿಯಲ್ಲಿ ಕಾರವಾರದ ಕದಂಬ ನೌಕಾನೆಲೆಗೆ ಬಂದ ವಿಕ್ರಮಾದಿತ್ಯದಂಥ ಹಡಗಿಗೆ ಚುಕ್ಕಾಣಿ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಮೂತಿ ತಿರುಗಲು ಮನಸ್ಸಾಗುತ್ತದೆ. ಒಮ್ಮೆ ತಿರುಗತೊಡಗಿದರೆ ನಿಲ್ಲಲು ಮನಸ್ಸಾಗುವುದಿಲ್ಲ. ಅಲ್ಲಿ ದಿಕ್ಕು ಎಷ್ಟು ತಪ್ಪಿದೆ ಎಂಬುದರ ಜೊತೆಗೆ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನೂ ಸೇರಿಸಿ ಗೆರೆ ಎಳೆಯಬೇಕು. ಅಂಥ ಗೆರೆಯ ಮೇಲೆ ದಿಕ್ಕು ಇನ್ನೂ ಸರಿಹೋಗುವ ಮೊದಲೇ ಚುಕ್ಕಾಣಿ ಮರಳಿಬಿಡುತ್ತದೆ, ಪಳಗಿದ ಸುಕಾಣಿಗನ ಕೈಯ ಹಾಗೆ. ಆ ಗೆರೆಯನ್ನು ಸಮುದ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಿರುವುದು ತಪ್ಪು ಮತ್ತು ತಪ್ಪಿನ ವೇಗ ಎಂಬ ಎರಡು ಅಕ್ಷಗಳ ಕಾಗದದ ಮೇಲೆ.

ಕಾಳಿಯ ಮೇಲುಭಾಗಕ್ಕೆ ಹೋದರೆ ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿನ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ ನಿಲ್ಲುವ ಮುನ್ನ 962 ದಿನ ಒಂದೇ ಸಮನೆ ಓಡಿತ್ತು, ಆಗಿನ ವಿಶ್ವದಾಖಲೆ. 220 ಮೆಗಾವಾಟಿನ ಆ ರಿಯಾಕ್ಟರಿಗೆ ಬೇರೆ ಬಗೆಯ ನಿಯಂತ್ರಣ ಸಾಕು. ತಾರಾಪುರದ 540 ಮೆಗಾವಾಟಿನ ಅದರ ದೊಡ್ಡಣ್ಣನ ಗರ್ಭದಲ್ಲಿ ಮಾತ್ರ ಕ್ಸೆನಾನ್ ಕಾಟದಿಂದ ಶಕ್ತಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತುಳುಕುತ್ತದೆ. ಅದನ್ನು 14 ನೀರಿನ ಅಂಕಣಗಳಿಂದ ಹದದಲ್ಲಿಡಬೇಕು. ಆ ಹದಕ್ಕೆ ಸ್ಲೈಡಿಂಗ್ ಮೋಡ್ ಹೇಗೆ ಒಗ್ಗುತ್ತದೆ ಎಂದು ಮುಂಬೈ ಐಐಟಿಯ ಬಿಜ್ನಾನ್ ಬಂದ್ಯೋಪಾಧ್ಯಾಯ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರದವರು ಕೂಡಿ ಕೆಲಸ ಮಾಡಿದ್ದಾರೆ. ಕಂಬ-ತೆಂಗಿನ ನಿಯಮ ಅಷ್ಟು ದೂರ ಹೋಗಿದೆ.

ಈಗಿನ ಬೋಟುಗಳಲ್ಲಿ ಜಿಪಿಎಸ್ ಪರದೆ ಬಂದಿದೆ. ಕಳೆದ ಸಲ ಸುರಕ್ಷಿತವಾಗಿ ಬಂದ ದಾರಿಯನ್ನು ಅದರಲ್ಲಿ ಉಳಿಸಿಟ್ಟುಕೊಂಡು, ಗೆರೆ ಯಾವ ಕಡೆಗಿದೆ ಎಂದು ಪರದೆಯನ್ನೇ ನೋಡುತ್ತ ತಿರುಗಿಸುತ್ತ ಬಂದರಾಯಿತು. ಕತ್ತಲಲ್ಲಿ, ಮಂಜಿನಲ್ಲಿ, ಕಂಬವೂ ತೆಂಗೂ ಕಾಣದಾಗ ಅದು ಜೀವ ಉಳಿಸುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಹೊರಡುವ ಹೊತ್ತಿಗೆ ಮಳೆಗಾಲದ ನದಿ ಅಳಿವೆಯ ಮರಳನ್ನು ಬೇರೆ ಕಡೆ ಗುಡ್ಡೆ ಹಾಕಿರುತ್ತದೆ. ಹೋದ ವರ್ಷದ ಗೆರೆಯನ್ನು ಎಷ್ಟು ನಿಷ್ಠೆಯಿಂದ ಹಿಡಿದರೂ ಬೋಟು ನೇರ ಹೋಗಿ ದಿಬ್ಬಕ್ಕೆ ಹತ್ತುತ್ತದೆ. ನಿಯಂತ್ರಣ ಉತ್ತಮವಾಗಿದ್ದಷ್ಟೂ ನಿಖರವಾಗಿ ಹತ್ತುತ್ತದೆ. ಅದಕ್ಕೇ ಋತುವಿನ ಮೊದಲ ದಿನಗಳಲ್ಲಿ ಸಣ್ಣ ದೋಣಿಯೊಂದು ಮುಂದೆ ಹೋಗುತ್ತದೆ. ಒಬ್ಬ ಉದ್ದನೆಯ ಗಳ ಚುಚ್ಚಿ ಆಳ ನೋಡುತ್ತಾನೆ, ಇನ್ನೊಬ್ಬ ಹಿಂತಿರುಗಿ ದಡದಲ್ಲಿ ಹೊಸದಾಗಿ ಯಾವ ಮರ ಯಾವ ಮರದ ಹಿಂದೆ ಬಂತು ಎಂದು ಹುಡುಕುತ್ತಾನೆ.